ಸಹಾಯ ಬೇಕು: ಮರಳಿನ ಡಯಾಟಮ್, ಹೊಸ ಪ್ರಭೇದ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕಡಲತೀರದ ಮರಳಿನ ಕಣಕ್ಕೆ ಅಂಟಿಕೊಂಡು ಬದುಕುವ ಒಂದು ಡಯಾಟಮ್ (ಸಿಲಿಕಾ ಚಿಪ್ಪಿರುವ ಏಕಕೋಶ ಪಾಚಿ) ಸಿಕ್ಕಿದೆ. ಚಿಪ್ಪಿನ ಮೇಲೆ, ನಡುವಿನ ಸೀಳಿನ ಎರಡೂ ಪಕ್ಕ, ಲೈರ್ ವಾದ್ಯದ ಆಕಾರದ ಖಾಲಿ ಪಟ್ಟಿ ಸ್ಪಷ್ಟವಾಗಿ ಕಾಣುತ್ತೆ, ಹಾಗಾಗಿ ಫಲ್ಲಾಸಿಯಾ ಕುಲ ಅಂದುಕೊಂಡಿದ್ದೇನೆ. ಆದರೆ ಚಿಪ್ಪಿನ ಮೇಲಿನ ಸೂಕ್ಷ್ಮ ಗೆರೆಗಳ ಸಾಂದ್ರತೆ ನಾನು ಹೋಲಿಸಿದ ಯಾವ ಪ್ರಭೇದಕ್ಕೂ ಹೊಂದುತ್ತಿಲ್ಲ.

ತಲೆನೋವು ಇರೋದು ಗಾತ್ರದಲ್ಲಿ. ಡಯಾಟಮ್ ಒಡೆದು ಎರಡಾಗುತ್ತಾ ಹೋದಂತೆ ಪೀಳಿಗೆಯಲ್ಲಿ ಸರಾಸರಿ ಗಾತ್ರ ಇಳಿಯುತ್ತೆ, ಜೊತೆಗೆ ಆಕಾರವೂ ಬದಲಾಗುತ್ತೆ ಅಲ್ವಾ? ನನ್ನ ಸ್ಲೈಡಿನಲ್ಲಿ ದೊಡ್ಡವು ಉದ್ದ, ಚಿಕ್ಕವು ಹೆಚ್ಚುಕಡಿಮೆ ಗುಂಡಗೆ. ಇವೆಲ್ಲ ಒಂದೇ ಪ್ರಭೇದ ಅಂತ ತೋರಿಸಲು 10 ಮೈಕ್ರೋಮೀಟರಿಗೆ ಎಷ್ಟು ಗೆರೆ ಅನ್ನೋ ಲೆಕ್ಕ ಸಾಕಾ, ಅಥವಾ ಒಂದೇ ಕೋಶದಿಂದ ಬೆಳೆಸಿ ಆರ್‌ಬಿಸಿಎಲ್ ಜೀನ್ (ಪ್ರಭೇದ ಗುರುತಿಸಲು ಬಳಸುವ ಒಂದು ಜೀನ್) ಓದಿಸಲೇಬೇಕಾ?

ಇನ್ನೊಂದು, ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ತೊಳೆದರೂ ಮರಳು ಹೋಗುವುದಿಲ್ಲ, ಅದೂ ಸಿಲಿಕಾನೇ. ಚಿಪ್ಪು ಮುರಿಯದಂತೆ ಬೇರ್ಪಡಿಸೋದು ಹೇಗೆ? ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಚಿಪ್ಪಿನ ಒಳಬದಿಯೂ ಬೇಕು.

2012ರಿಂದ ಹೊಸ ಪ್ರಭೇದದ ವಿವರಣೆ ಲ್ಯಾಟಿನ್ ಬದಲು ಇಂಗ್ಲಿಷಿನಲ್ಲೇ ಬರೆಯಬಹುದು, ಅದು ಗೊತ್ತು. ಹೋಲೋಟೈಪ್ (ಹೊಸ ಹೆಸರಿಗೆ ಆಧಾರವಾಗಿ ಇಡುವ ಮೂಲ ಮಾದರಿ) ಆಗಿ ಇಡೀ ಸ್ಲೈಡ್ ಕೊಡೋದಾ, ಗುರುತು ಹಾಕಿದ ಒಂದೇ ಚಿಪ್ಪಾ? ಅನುಭವ ಇದ್ದವರು ದಯವಿಟ್ಟು ಹೇಳಿ, ಫೋಟೋ ಬೇಕಿದ್ದರೆ ಕಳಿಸುತ್ತೇನೆ.