ಅಪ್‌ಡೇಟ್: ಬೆಕ್ಕಿಗೆ ಯಾವ ಎಣ್ಣೆ, ಯಾವ ಮೀನು?

ನಮ್ಮ ಬೆಕ್ಕಿನ ಮೈಯಿಂದ ಹೊಟ್ಟು ಉದುರುತ್ತಿದೆ, ಯಾವ ಎಣ್ಣೆ ಅಥವಾ ಮೀನು ಕೊಡಬಹುದು ಅಂತ ಕೇಳಿದ್ದೆನಲ್ಲ, ಈಗ ಹೊಟ್ಟು ತುಂಬಾ ಕಡಿಮೆಯಾಗಿದೆ! ಕೆಲಸ ಮಾಡಿದ್ದು ಮತ್ತಿ (ಬೂತಾಯಿ) ಮೀನಿನ ಸಲಹೆ. ವಿರಾಜಪೇಟೆಯಿಂದ ತಂದು, ಉಪ್ಪು, ಖಾರ, ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಏನೂ ಹಾಕದೆ ಬೇಯಿಸಿ, ಮುಳ್ಳು ತೆಗೆದು ಸ್ವಲ್ಪ ಸ್ವಲ್ಪ ಕೊಟ್ಟೆ. ದಿನಾ ಅಲ್ಲ, ಮಾಮೂಲಿ ಊಟದ ಜೊತೆಗೆ ಆಗೀಗ ಅಷ್ಟೇ.

ತೆಂಗಿನೆಣ್ಣೆಯಿಂದ ಭೇದಿಯಾಯಿತು, ಬಿಟ್ಟೆ. ಕಾಡ್ ಲಿವರ್ ಎಣ್ಣೆ (ಕಾಡ್ ಮೀನಿನ ಪಿತ್ತಜನಕಾಂಗದ ಎಣ್ಣೆ) ಬೇಡವೇ ಬೇಡ ಅಂದರು ಡಾಕ್ಟರು. ಅದರಲ್ಲಿ ವಿಟಮಿನ್ ಎ ಜಾಸ್ತಿ, ದಿನಾ ಕೊಟ್ಟರೆ ಬೆಕ್ಕಿನ ಮೂಳೆಗೇ ಕುತ್ತು.

ನನಗೆ ಆಶ್ಚರ್ಯವಾಗಿದ್ದು ಹಸಿ ಮೀನಿನ ವಿಷಯ. ಮತ್ತಿಯಂಥ ಮೀನುಗಳಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇರುತ್ತದೆ, ಅದು ವಿಟಮಿನ್ ಬಿ1 ಅನ್ನು ನಾಶ ಮಾಡುತ್ತದೆ. ಹಸಿ ಮೀನನ್ನೇ ತಿನ್ನಿಸುತ್ತಾ ಹೋದರೆ ಬೆಕ್ಕಿಗೆ ಫಿಟ್ಸ್ ಕೂಡ ಬರಬಹುದು. ಬೇಯಿಸಿದರೆ ಆ ಭಯವಿಲ್ಲ.