ಸಹಾಯ ಬೇಕು: ಕೆರೆ ಬಗ್ಗೆ ಊರಿನ ಎಲ್ಲರನ್ನೂ ಮಾತಾಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆಯ ನಮ್ಮ ಹಳ್ಳಿಯಲ್ಲಿ ಕೆರೆ ಹೂಳೆತ್ತಿಸಲು ಎರಡು ಸಲ ಸಭೆ ಸೇರಿಸಿದೆವು. ಎರಡೂ ಸಲ ಮೈಕ್ ಹಿಡಿದ ನಾಲ್ಕೈದು ಗಂಡಸರೇ ಮಾತಾಡಿದರು. ಹೆಂಗಸರು, ಕುರಿ ಮೇಯಿಸುವವರು ಹಿಂದೆ ಸುಮ್ನೆ ಕೂತಿದ್ದರು. ಸಭೆ ಮುಗಿದ ಮೇಲೆ ಅರಳಿಕಟ್ಟೆ ಹತ್ತಿರ ಒಬ್ಬ ಅಜ್ಜಿ, ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಮುಚ್ಚಿಹೋಗಿದೆ ಅಂತ ಕೈ ತೋರಿಸಿ ಹೇಳಿದರು. ಆ ಮಾತು ಸಭೆಯಲ್ಲಿ ಬರಲೇ ಇಲ್ಲ. ಅದೇ ನನ್ನನ್ನು ಕೊರೆಯುತ್ತಿದೆ.

ಈ ಸಲ ವರ್ಲ್ಡ್ ಕೆಫೆ ಥರ ಮಾಡೋಣ ಅಂದುಕೊಂಡಿದ್ದೇವೆ. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ವಿಧಾನ ಇದು. ಒಂದೊಂದು ಮೇಜಿನ ಸುತ್ತ ನಾಲ್ಕೈದು ಜನರ ಗುಂಪು, ಒಂದು ಪ್ರಶ್ನೆ, ಸುಮಾರು 20 ನಿಮಿಷ ಮಾತು. ಆಮೇಲೆ ಒಬ್ಬರು ಅಲ್ಲೇ ಉಳಿದು, ಹೊಸದಾಗಿ ಬಂದವರಿಗೆ ಹಿಂದಿನ ಮಾತು ತಿಳಿಸುತ್ತಾರೆ. ಉಳಿದವರು ಬೇರೆ ಗುಂಪುಗಳಿಗೆ ಹೋಗುತ್ತಾರೆ. ಮೇಜಿನ ಬದಲು ಚಾಪೆ ಸಾಕು ಅಲ್ವಾ?

ವರ್ಲ್ಡ್ ಕೆಫೆಯಲ್ಲಿ ಎಲ್ಲರೂ ಹಾಳೆ ಮೇಲೆ ಬರೆಯುತ್ತಾರೆ. ನಮ್ಮಲ್ಲಿ ಬರೆಯಲು ಬಾರದ ಹಿರಿಯರು ಜಾಸ್ತಿ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದರೆ ಹೇಗೆ? ಹೆಂಗಸರನ್ನು ಮೊದಲು ಬೇರೆ ಕೂರಿಸಬೇಕಾ? ಮೊದಲ ಪ್ರಶ್ನೆ ಹೇಗೆ ಕೇಳಬೇಕು? ಇಲ್ಲಿ ಬಂದ ಮಾತು ಗ್ರಾಮಸಭೆಯ ನಡಾವಳಿಗೂ ಸೇರಬೇಕು. ಹೀಗೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.