ಗ್ರಾಮಿಗೆ ಬರೇ ಎರಡ ರೂಪಾಯಿ

ಮಲ್ಲ್ಯಾ ಕೀಟೋ ಹಿಡದಾನ ಅನ್ನೋ ಸುದ್ದಿ ನವನಗರದ ನಮ್ಮ ಚಹಾದಂಗಡಿಗೆ ಮಲ್ಲ್ಯಾನಕ್ಕಿಂತ ಮೊದಲ ಬಂದಿತ್ತು. ಕೀಟೋ ಅಂದ್ರ ಕಾರ್ಬ್, ಅಂದ್ರ ಪಿಷ್ಟ-ಸಕ್ಕರಿ, ಭಾಳ ಕಡಿಮಿ ಮಾಡಿ ಕೊಬ್ಬು ಹೆಚ್ಚ ತಿನ್ನೋ ಪಥ್ಯ. ಅದಕ್ಕ ಜೋಳದ ರೊಟ್ಟಿ ಬಿಟ್ಟಾನಂತ. ಬಾಗಲಕೋಟ್ಯಾಗ ಹುಟ್ಟಿ ರೊಟ್ಟಿ ಬಿಡೋದಂದ್ರ ಮನಿತನದ ಅಡ್ಡಹೆಸರ ಬಿಟ್ಟಂಗ ಅಂತ ಮಾಸ್ತರು ಆಗಲೇ ತೀರ್ಪು ಕೊಟ್ಟು ಕುಂತಿದ್ರು.

ಮಲ್ಲ್ಯಾ ಬಂದವನ ಚೀಲದಿಂದ ಒಂದು ಬಿಸ್ಕೀಟ ಪ್ಯಾಕೆಟ್ ತಗದು ಟೇಬಲ್ ಮ್ಯಾಲ ಇಟ್ಟ. ಕರಿ ಬಣ್ಣ, ಬಂಗಾರದ ಅಕ್ಷರ. 150 ಗ್ರಾಂ, 300 ರೂಪಾಯಿ.

ಕಿರಾಣಿ ಬಸ್ಯಾನ ಎದಿ ಝಲ್ಲಂತು. "ಮುನ್ನೂರ? ಏನ ಹಾಕ್ಯಾರಲೇ ಇದರಾಗ?"

"ಬಾದಾಮಿ ಹಿಟ್ಟು."

"ಬಾದಾಮಿಗೆ ಹೋಗಿ ಬಂದ್ರೂ ಇಷ್ಟ ಬಸ್ ಚಾರ್ಜ್ ಆಗಂಗಿಲ್ಲಲ್ಲೋ!"

"ನಿನಗ ತಿಳಿಯಂಗಿಲ್ಲ ಬಿಡ. ಇಲ್ಲಿ ನೋಡ, ಗ್ರಾಮಿಗೆ ಬರೇ ಎರಡ ರೂಪಾಯಿ ಅಂತ ಬರದಾರ."

ಮಾಸ್ತರು ಚಾಳೀಸು ಏರಿಸಿದ್ರು. ಮೂವತ್ತು ವರ್ಷ ಗಣಿತ ಕಲಿಸಿದ ಮನಷ್ಯಾ, ಅಂಕಿ ಕಂಡ್ರ ಸುಮ್ನ ಇರಂಗಿಲ್ಲ. "ಒಂದ ಕಿಲೋದ ಒಳಗಿನ ಪ್ಯಾಕೆಟ್ಟಿಗೆ ಗ್ರಾಮಿನ ಲೆಕ್ಕದಾಗ ದರ ಹಾಕಬೇಕಂತ ಸರಕಾರದ ನಿಯಮ ಐತಿ. ಗಿರಾಕಿ ಎರಡ ಪ್ಯಾಕೆಟ್ ಹಿಡದು ಹೋಲಿಸಿ ನೋಡಲಿ ಅಂತ ಮಾಡಿದ್ದು. ನೀ 'ಬರೇ ಎರಡ' ಅಂದಿ ನೋಡು, ಅದನ್ನ ಸಾವಿರದಿಂದ ಗುಣಿಸು."

ಮಲ್ಲ್ಯಾ ಗುಣಿಸಲಿಲ್ಲ. ಬಸ್ಯಾ ಗುಣಿಸಿದ. "ಕಿಲೋಕ್ಕ ಎರಡ ಸಾವಿರ! ಯಪ್ಪಾ!"

"ಹಿಂದ ತಿರುವು," ಅಂದ್ರು ಮಾಸ್ತರು. "ಪದಾರ್ಥಗಳ ಪಟ್ಟಿ. ಯಾವುದು ಹೆಚ್ಚ ತೂಕ ಹಾಕ್ಯಾರೋ ಅದ ಮೊದಲ ಬರಬೇಕು, ಅದೂ ಕಾಯ್ದೆ. ಓದು."

ಮಲ್ಲ್ಯಾ ಓದಿದ: ಸೋಯಾ ಹಿಟ್ಟು, ಪಾಮ್ ಎಣ್ಣಿ, ಮಾಲ್ಟಿಟಾಲ್ ಅನ್ನೋ ಸಕ್ಕರಿ ಬದಲಿ ಸಿಹಿ, ಆಮ್ಯಾಲ ಬಾದಾಮಿ, ನೂರಕ್ಕ ಒಂಬತ್ತು. ಮುಂದಿನ ಚಿತ್ರದಾಗ ಮಾತ್ರ ಬಾದಾಮಿ ಬಿಟ್ರ ಬ್ಯಾರೆ ಏನೂ ಇರಲಿಲ್ಲ.

"ಆದ್ರ ಕಾರ್ಬ್ ನೋಡ್ರಿ ಸರ್, ಎರಡ ಗ್ರಾಂ ಅಷ್ಟ!"

"ಯಾತಕ್ಕ ಎರಡ ಗ್ರಾಂ? ಪ್ಯಾಕೆಟ್ಟಿಗೋ?"

ಪ್ಯಾಕೆಟ್ಟಿಗಲ್ಲ. ಒಂದ 'ಸರ್ವಿಂಗಿಗೆ'. ಸರ್ವಿಂಗ್ ಅಂದ್ರ ಒಂದ ಬಿಸ್ಕೀಟು. ಉತ್ತರ ಕರ್ನಾಟಕದಾಗ ಒಂದ ಬಿಸ್ಕೀಟಿಗೆ ಚಹಾ ಮುಗಸೋ ಮನಷ್ಯಾನ್ನ ನಾ ಇನ್ನೂ ನೋಡಿಲ್ಲ. ಹಿಂದಿನ ತಖ್ತೆದಾಗ 100 ಗ್ರಾಮಿಗೆ 40 ಗ್ರಾಂ ಕಾರ್ಬೋಹೈಡ್ರೇಟ್ ಅಂತ ಸಣ್ಣಾಗಿ ಬರದಿತ್ತು. ಅದರಾಗ ನಾರು 10 ಕಳದು, ಮಾಲ್ಟಿಟಾಲ್ 17 ಕಳದು, ಉಳಿದ 13ನ್ನ ಒಂದ ಬಿಸ್ಕೀಟಿನ ತೂಕದ ಲೆಕ್ಕಕ್ಕ ಇಳಿಸಿದ್ರ 'ನೆಟ್ ಕಾರ್ಬ್' ಎರಡ ಗ್ರಾಂ.

"ನಾರು ಕಳೀಲಿ, ನ್ಯಾಯ ಐತಿ," ಅಂದ್ರು ಮಾಸ್ತರು. "ಮಾಲ್ಟಿಟಾಲ್ ಪೂರಾ ಹೆಂಗ ಕಳೀತಾರ? ಸಕ್ಕರಿಯ ಹೆಚ್ಚುಕಡಿಮಿ ಅರ್ಧದಷ್ಟು ಕ್ಯಾಲೊರಿ ಅದರಾಗೂ ಐತಿ. ರಕ್ತದಾಗ ಸಕ್ಕರಿನೂ ಏರಸತೈತಿ, ಕಡಿಮಿ ಅಷ್ಟ. ಇರಲಿ, ನಿನ್ನೆ ಎಷ್ಟ ತಿಂದಿ?"

"ಎಂಟ."

"ಹೊಟ್ಟಿ ಹೆಂಗೈತಿ?"

ಮಲ್ಲ್ಯಾ ರಸ್ತೆ ಕಡೆ ನೋಡಿದ. ಬಸ್ಯಾ ಬಾಯಿ ಹಾಕಿದ: "ರಾತ್ರಿ ಇವರ ಹಿತ್ತಲ ಲೈಟ ಆರೇ ಇಲ್ರಿ."

ಮಾಸ್ತರು ಪ್ಯಾಕೆಟ್ಟಿನ ಮೂಲ್ಯಾಗಿನ ಸಾಲು ಓದಿದ್ರು. ಪಾಲಿಯಾಲ್‌ಗಳಿಂದ (ಮಾಲ್ಟಿಟಾಲ್ ಅದ ಜಾತಿ) ಭೇದಿ ಆಗಬಹುದು ಅಂತ ಎಚ್ಚರಿಕಿ! ಸಾಸಿವಿ ಕಾಳಿಗಿಂತ ಸಣ್ಣ ಅಕ್ಷರ.

"ಅದಕ್ಕ ಅನ್ರಿ, ಒಂದ ದಿನಕ್ಕ ಒಂದೂವರಿ ಕಿಲೋ ಇಳೀತು!" ಅಂದ ಮಲ್ಲ್ಯಾ. ಅಂವ ಖರೇನ ಖುಷಿ ಆಗಿದ್ದ.

ಕೀಟೋ ಹುಟ್ಟಿದ್ದ ಮೂರ್ಛೆರೋಗದ ಚಿಕಿತ್ಸೆಗೆ, 1921ರಾಗ ಅಮೆರಿಕದ ಮೇಯೊ ಕ್ಲಿನಿಕ್‌ನ ರಸಲ್ ವೈಲ್ಡರ್ ಅನ್ನೋ ಡಾಕ್ಟರು ಅದಕ್ಕ ಹೆಸರಿಟ್ರು ಅಂತ ಮಾಸ್ತರು ಸುರು ಮಾಡಿದ್ರು. ಯಾರೂ ಕೇಳಲಿಲ್ಲ. ಬಸ್ಯಾ ಆಗಲೇ ಫೋನಿನ್ಯಾಗ ತನ್ನ ಅಂಗಡ್ಯಾಗ ಮಾರೋ ಅಗಸಿದ ಲೆಕ್ಕ ಹುಡಕಲಿಕ್ಕೆ ಹತ್ತಿದ್ದ.

"ಸರ್, ಅಗಸಿ 100 ಗ್ರಾಮಿಗೆ ಕಾರ್ಬ್ 29. ಅದರಾಗ ನಾರ 27! ಉಳದದ್ದು ಎರಡ!"

"ಅಂದ್ರ ನಿಮ್ಮವ್ವ ಕುಟ್ಟೋ ಅಗಸಿ ಹಿಂಡಿ, ಅದ ಚಟ್ನಿಪುಡಿ, ಇವನ ಬಿಸ್ಕೀಟಿಗಿಂತ ದೊಡ್ಡ ಕೀಟೋ," ಅಂದ್ರು ಮಾಸ್ತರು.

"ಮತ್ತ ನಾ ಅದನ್ನ ಕಾಗದದ ಪುಡಿಕ್ಯಾಗ ಕಟ್ಟಿ ಇಪ್ಪತ್ತ ರೂಪಾಯಿಗೆ ಮಾರಾಕ ಹತ್ತೇನಲ್ರಿ!" ಬಸ್ಯಾನ ಸಂಕಟ ನೋಡಾಕ ಆಗತಿರಲಿಲ್ಲ. "ನಾಳಿಂದ ಕರಿ ಪ್ಯಾಕೆಟ್. 'ಕೀಟೋ ಫ್ಲ್ಯಾಕ್ಸ್ ಮಸಾಲಾ'. 100 ಗ್ರಾಮಿಗೆ ಇನ್ನೂರ."

"ಮೊದಲ ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಸು, ಹದಿನಾಲ್ಕ ಅಂಕಿ ನಂಬರ್ ಛಾಪಸು. ಬೆಳ್ಳೊಳ್ಳಿ, ಖಾರ, ಉಪ್ಪು ಎಲ್ಲಾ ತೂಕದ ಪ್ರಕಾರ ಬರಿ. ಆಮ್ಯಾಲ, ಕುಟ್ಟಾಕಿ ನಿಮ್ಮವ್ವ. ಆಕಿಗೆ ಎಷ್ಟ ಕೊಡ್ತಿ?"

ಬಸ್ಯಾ ತಡಾ ಮಾಡಲಿಲ್ಲ. "ಚೊಲೋ ನೆನಪ ಮಾಡಿದ್ರಿ ಸರ್! 'ಅವ್ವನ ಕೈಲೆ ಕುಟ್ಟಿದ್ದು' ಅಂತ ಮ್ಯಾಲ ಹಾಕಿ ಇನ್ನೊಂದ ಐವತ್ತ ಏರಸತೇನಿ."

"ನನಗೊಂದ ತಗದಿಡಲೇ," ಅಂದ ಮಲ್ಲ್ಯಾ. "ಗ್ರಾಮಿಗೆ ಎರಡೂವರಿ ಅಷ್ಟ ಅಲ್ಲೇನ?"